ತೆರೆಯ ಮೇಲಿನ ಕಡಲಕಾಳಗ: ಆಯುಧ, ಪರಿಕರ ಮತ್ತು ಚರಿತ್ರೆಯ ಪ್ರಾಮಾಣ್ಯ

ಚಾರಿತ್ರಿಕ ಚಲನಚಿತ್ರಗಳ ವಿಮರ್ಶೆಯು ಬಹುಮಟ್ಟಿಗೆ ಕಥೆ, ಅಭಿನಯ, ಸಂಭಾಷಣೆಗಳ ಸುತ್ತಲೇ ನಡೆದಿದೆ. ಪಾತ್ರಧಾರಿಯ ಕೈಯಲ್ಲಿರುವ ಕತ್ತಿ, ಕೋವಿಗಳನ್ನು ಅಲಂಕಾರವೆಂದು ಬದಿಗಿಡುವುದು ವಾಡಿಕೆ. ಆದರೆ ಯುದ್ಧವನ್ನು ವಸ್ತುವಾಗಿಸಿಕೊಂಡ ಚಿತ್ರದಲ್ಲಿ ಆಯುಧವು ಅಲಂಕಾರವಲ್ಲ. ಯಾರು ಎಷ್ಟು ದೂರದಿಂದ, ಎಷ್ಟು ಹೊತ್ತಿಗೊಮ್ಮೆ, ಎಂತಹ ಹವೆಯಲ್ಲಿ ಹೊಡೆಯಬಲ್ಲರು ಎಂಬುದನ್ನು ನಿರ್ಧರಿಸುವುದೇ ಅದು. ಆಯುಧ ತಪ್ಪಿದರೆ ಯುದ್ಧದ ತರ್ಕವೇ ತಪ್ಪುತ್ತದೆ.

ಕನ್ನಡದ ಚಾರಿತ್ರಿಕ ಚಿತ್ರಪರಂಪರೆ ಮುಖ್ಯವಾಗಿ ನೆಲದ ಯುದ್ಧದ್ದು. ‘ರಣಧೀರ ಕಂಠೀರವ’ (1960), ‘ಕಿತ್ತೂರು ಚೆನ್ನಮ್ಮ’ (1961), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಚಿತ್ರಗಳು ಪ್ರೇಕ್ಷಕರ ಮನಸ್ಸಿನಲ್ಲಿ ನಿಲ್ಲಿಸಿದ್ದು ಕೋಟೆ, ಕುದುರೆ, ಖಡ್ಗಗಳ ಚಿತ್ರವನ್ನು. ಕಡಲಕಾಳಗಕ್ಕೆ ಆಧಾರಗಳಿಲ್ಲವೆಂದಲ್ಲ. ಕ್ರಿ.ಶ. 634ರ ಐಹೊಳೆ ಶಾಸನವು ಇಮ್ಮಡಿ ಪುಲಕೇಶಿಯು ನೂರಾರು ನೌಕೆಗಳೊಡನೆ ಪುರಿಯನ್ನು ಮುತ್ತಿದುದನ್ನು ಹೇಳುತ್ತದೆ. ಗೋವೆಯ ಕದಂಬರ ಕಾಲದ ವೀರಗಲ್ಲುಗಳಲ್ಲಿ ಹಡಗಿನ ಕಾಳಗದ ದೃಶ್ಯಗಳು ಕೆತ್ತಲ್ಪಟ್ಟಿವೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನು ಪೋರ್ಚುಗೀಸರನ್ನು ಎದುರಿಸಿದ ಕಥನವಂತೂ ಕರಾವಳಿಯ ಜನಸ್ಮೃತಿಯಲ್ಲಿ ಇಂದಿಗೂ ಜೀವಂತವಾಗಿದೆ.

ಅದೇ ಕಡಲನ್ನೂ ಅದೇ ಎದುರಾಳಿಯನ್ನೂ ಚಿತ್ರಿಸಿದ ಇತ್ತೀಚಿನ ಪ್ರಮುಖ ಕೃತಿಯೆಂದರೆ 2021ರಲ್ಲಿ ತೆರೆಕಂಡ ಪ್ರಿಯದರ್ಶನ್ ಅವರ ಮಲಯಾಳ ಚಿತ್ರ ‘ಮರಕ್ಕಾರ್’. 1600ರಲ್ಲಿ ಗೋವೆಯಲ್ಲಿ ಮರಣದಂಡನೆಗೆ ಗುರಿಯಾದ ನಾಲ್ಕನೆಯ ಕುಂಞಾಲಿ ಮರಕ್ಕಾರನ ಕಥೆಯದು. 2019ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ವಸ್ತ್ರವಿನ್ಯಾಸ, ವಿಶೇಷ ದೃಶ್ಯ ಪರಿಣಾಮಗಳ ಗೌರವ ಅದಕ್ಕೆ ಸಂದಿತು. ಭಾರತೀಯ ಸಿನಿಮಾ ಕಡಲಯುದ್ಧವನ್ನು ನಿರ್ಮಿಸಬಲ್ಲದೆಂಬುದು ಇದರಿಂದ ಸಿದ್ಧವಾಯಿತು. ಆದರೆ ಅದರ ಭವ್ಯತೆಯ ಮಾದರಿಯನ್ನೇ ಉಳ್ಳಾಲಕ್ಕೆ ಹೊಂದಿಸಹೊರಟರೆ ತೊಡಕು ಉಂಟಾಗುತ್ತದೆ.

ಆ ತೊಡಕು ಮೊದಲು ಕಾಣುವುದು ಕೋವಿಯಲ್ಲಿ. ಅಬ್ಬಕ್ಕನ ಕಾಲದ ಕೋವಿಯು ಬತ್ತಿಯ ಕೋವಿ. ಹೊಗೆಯಾಡುವ ಬತ್ತಿಯನ್ನು ಆರದಂತೆ ಕಾಪಾಡಬೇಕು, ಮದ್ದು ಒಣಗಿರಬೇಕು, ಒಂದು ಗುಂಡು ಹಾರಿದ ಮೇಲೆ ಮತ್ತೊಂದನ್ನು ತುಂಬಲು ಸಮಯ ಬೇಕು. ಕಿತ್ತೂರಿನ 1824ರ ಯುದ್ಧಕ್ಕೆ ಒಪ್ಪುವ ಚಕಮಕಿ ಕೋವಿಯನ್ನು 1560ರ ದಶಕದ ಸೈನಿಕನ ಕೈಗಿತ್ತರೆ ಎರಡೂವರೆ ಶತಮಾನಗಳ ಅಂತರ ಅಳಿಸಿಹೋಗುತ್ತದೆ. ಪೋರ್ಚುಗೀಸರ ನೌಕೆಗಳಲ್ಲಿ ಅಂಚಿನ ಗೂಟದ ಮೇಲೆ ತಿರುಗುವ ಸಣ್ಣ ಫಿರಂಗಿಗಳೂ ಇದ್ದವು. ಮದ್ದು ತುಂಬಿದ ಬಿಡಿ ಕೊಳವೆಯನ್ನು ಹಿಂಬದಿಯಿಂದ ಕೂರಿಸಿ, ಬೆಣೆ ಹೊಡೆದು ಅವನ್ನು ಹಾರಿಸುತ್ತಿದ್ದರು. ಮೊದಲೇ ತುಂಬಿಟ್ಟ ಕೊಳವೆಗಳಿದ್ದಷ್ಟು ಕಾಲ ಹೊಡೆತ ತ್ವರಿತ. ಅವು ಮುಗಿದೊಡನೆ ಬಿಡುವು. ಆ ಬಿಡುವೇ ಎದುರಾಳಿಯ ಅವಕಾಶ.

ಎರಡನೆಯದು ನೌಕೆ. ಉಳ್ಳಾಲವಿರುವುದು ನೇತ್ರಾವತಿಯ ಅಳಿವೆಯ ಬದಿಯಲ್ಲಿ. ಮರಳು ದಿಬ್ಬಗಳ, ಆಳವಿಲ್ಲದ ಅಳಿವೆಯಲ್ಲಿ ಭಾರಿ ಹಡಗಿಗಿಂತ ಹುಟ್ಟಿನ ದೋಣಿಗೇ ಅನುಕೂಲ ಹೆಚ್ಚು. ಮಳೆಗಾಲದಲ್ಲಿ ಈ ಕರಾವಳಿಯ ನೌಕಾಸಂಚಾರ ಬಹುತೇಕ ನಿಲ್ಲುತ್ತಿತ್ತು. ಕತ್ತಲು, ತಗ್ಗು ನೀರು, ಸಣ್ಣ ದೋಣಿ, ಒದ್ದೆಯಾಗುವ ಬತ್ತಿ ಇವೆಲ್ಲ ಒಟ್ಟುಗೂಡಿದಾಗ ಮಾತ್ರ ಸಣ್ಣ ಸಂಸ್ಥಾನವೊಂದು ದೊಡ್ಡ ನೌಕಾಶಕ್ತಿಗೆ ಎದುರುನಿಂತ ಬಗೆ ಅರ್ಥವಾಗುತ್ತದೆ. ಎರಡೂ ಪಕ್ಷಗಳಿಗೆ ಸಮಾನ ಗಾತ್ರದ ಹಡಗುಗಳನ್ನು ಕೊಟ್ಟ ಚಿತ್ರವು ರಾಣಿಯ ಧೈರ್ಯವನ್ನು ತೋರಿಸಬಹುದು. ಆಕೆಯ ಯುದ್ಧಬುದ್ಧಿಯನ್ನು ಮರೆಮಾಡುತ್ತದೆ.

ಮೂರನೆಯದು ‘ಅಗ್ನಿಬಾಣ’. ಜನಪ್ರಿಯ ಕಥನಗಳು ಅಬ್ಬಕ್ಕನಿಗೆ ಜೋಡಿಸಿರುವ ಈ ಆಯುಧವನ್ನು ಸಿನಿಮಾ ಸುಲಭವಾಗಿ ರಾಕೆಟ್ಟಾಗಿಸಬಲ್ಲದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ದೊರೆತ ಸುಮಾರು ಸಾವಿರ ಕಬ್ಬಿಣದ ರಾಕೆಟ್ಟುಗಳು ಟಿಪ್ಪುವಿನ ಕಾಲದವು, ಹದಿನೆಂಟನೆಯ ಶತಮಾನದವು. ಅವನ್ನು ಉಳ್ಳಾಲಕ್ಕೆ ತರುವುದು ಸಲ್ಲದು. ಕರಾವಳಿಯಲ್ಲೇ ಹತ್ತಿರದ ಮಾದರಿಯಿದೆ. ಕಟೀಲಿನ ತೂಟೆದಾರದಲ್ಲಿ ಉರಿಯುವ ಗರಿಯ ಸೂಟೆಗಳನ್ನು ಭಕ್ತರು ಇಂದಿಗೂ ಪರಸ್ಪರ ಎಸೆಯುತ್ತಾರೆ. ಒಣಗರಿ, ಎಣ್ಣೆ, ಬಟ್ಟೆ, ಬಿಲ್ಲುಗಳಿಂದ ಆದ ಬೆಂಕಿಯು ಮರದ ಹಡಗಿಗೂ ಹಾಯಿಗೂ ಸಾಕಷ್ಟು ಭಯಂಕರ.

ಪರಿಕರವೆಂದರೆ ಆಯುಧ ಮಾತ್ರವಲ್ಲ. 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಆಕೆ ಬರಿಗಾಲಲ್ಲಿ ಸಾದಾ ಹತ್ತಿಬಟ್ಟೆಯುಟ್ಟು, ಗರಿಯ ಕೊಡೆಯ ನೆರಳಲ್ಲಿ ನಡೆದುಬಂದುದನ್ನು ದಾಖಲಿಸಿದ್ದಾನೆ. ತೆರೆಯ ಮೇಲಿನ ರಾಣಿಯರ ಕಿರೀಟ, ಜರತಾರಿಗಳ ಎದುರಿಗೆ ಈ ಗರಿಯ ಕೊಡೆಯನ್ನಿಟ್ಟು ನೋಡಬೇಕು. ಬಂಟ್ವಾಳದ ಬಿ.ಸಿ.ರೋಡ್ ಬಳಿ ಪ್ರೊ. ತುಕಾರಾಮ ಪೂಜಾರಿ ಅವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವು ತುಳುವರ ಬಳಕೆಯ ಸಾಮಗ್ರಿಗಳನ್ನು ಉಳಿಸಿಕೊಂಡಿದೆ. ಕಲಾನಿರ್ದೇಶಕನಿಗೆ ಅದೊಂದು ಪಾಠಶಾಲೆ.

ಎಲ್ಲ ತಪ್ಪುಗಳೂ ಸಮಾನವಲ್ಲವೆಂಬುದನ್ನು ವಿಮರ್ಶೆ ಒಪ್ಪಬೇಕು. ನಟರ ಸುರಕ್ಷತೆಗಾಗಿ ಕತ್ತಿ ಅಲ್ಯೂಮಿನಿಯಮ್ಮಿನದಾದರೆ, ಹಿಡಿಯ ಕೆತ್ತನೆ ಬೇರೆಯಾದರೆ ಅರ್ಥ ಕೆಡದು. ದೂರದರ್ಶಕವು ಬಳಕೆಗೆ ಬಂದದ್ದು 1608ರ ನಂತರ. ಅದನ್ನು ಅಬ್ಬಕ್ಕನ ಕಾಲದ ನಾವಿಕನ ಕೈಗಿತ್ತರೆ ದೂರ, ಹಠಾತ್ ದಾಳಿಗಳ ಲೆಕ್ಕವೇ ಬದಲಾಗುತ್ತದೆ. ಕ್ಷಮಿಸಬಾರದ್ದು ಈ ಎರಡನೆಯ ಬಗೆಯ ತಪ್ಪನ್ನು.

ಇದಕ್ಕೆ ಬೇಕಾದ ಕೌಶಲ ದೂರದಲ್ಲಿಲ್ಲ. ಬೆಂಗಳೂರಿನ ಯಶವಂತಪುರದ ಆಚೆ ಕಂಠೀರವ ಸ್ಟುಡಿಯೋ ಇದೆ. ತುಮಕೂರು ರಸ್ತೆಯಲ್ಲಿ ಇನ್ನಷ್ಟು ಮುಂದೆ ಪೀಣ್ಯ, ನಾಗಸಂದ್ರಗಳ ಲೇತು, ಎರಕ, ತಗಡು ಕೆಲಸದ ಕಾರ್ಖಾನೆಗಳ ಸಾಲು. ಬಿಡಿ ಕೊಳವೆಯ ಫಿರಂಗಿಯ ನಿರಪಾಯಕಾರಿ ಮಾದರಿಯನ್ನು ಅಲ್ಲಿನ ಕುಶಲಕರ್ಮಿಗಳು ಅಳತೆಗೆ ಸರಿಯಾಗಿ ಮಾಡಿಕೊಡಬಲ್ಲರು. ಕೊರತೆಯಿರುವುದು ಅವರ ಕೈಗೆ ಅಳತೆಯ ನಕ್ಷೆಯನ್ನು ಕೊಡಬೇಕಾದ ಸಂಶೋಧನೆಯಲ್ಲಿ. ಓದುವವರಿಗಿಂತ ನೋಡುವವರೇ ಹೆಚ್ಚಿರುವ ಕಾಲದಲ್ಲಿ ತೆರೆಯ ಮೇಲಿನ ವಸ್ತುವೇ ಮುಂದಿನ ತಲೆಮಾರಿಗೆ ಚರಿತ್ರೆಯಾಗುತ್ತದೆ. ಅಬ್ಬಕ್ಕನ ಗೆಲುವು ಪವಾಡವಾಗಿ ಉಳಿಯುವುದೋ, ಬುದ್ಧಿಯ ಗೆಲುವಾಗಿ ತಿಳಿಯುವುದೋ ಎಂಬುದು ಒಂದು ಬತ್ತಿ, ಒಂದು ಹುಟ್ಟು, ಒಂದು ಸೂಟೆಯನ್ನು ಅವಲಂಬಿಸಿದೆ.