ಎರಡು ಗಂಟೆಯೋ, ಎರಡು ಊಟವೋ

ಆಹಾರತಜ್ಞೆ ರುಜುತಾ ದಿವೇಕರ್ ಅವರ ‘ಡೋಂಟ್ ಲೂಸ್ ಯುವರ್ ಮೈಂಡ್, ಲೂಸ್ ಯುವರ್ ವೇಟ್’ 2009ರಲ್ಲಿ ಹೊರಬಂದಾಗ ಮುಂಬಯಿಯಲ್ಲಿ ಅದನ್ನು ಯಾರಿಗೂ ಪರಿಚಯಿಸಬೇಕಾಗಿರಲಿಲ್ಲ. ಹಿಂದಿನ ವರ್ಷವಷ್ಟೇ ‘ತಶನ್’ ತೆರೆ ಕಂಡಿತ್ತು. ಅದಕ್ಕಾಗಿ ದಿವೇಕರ್ ಅವರ ಸಲಹೆಯಂತೆ ಕರೀನಾ ಕಪೂರ್ ‘ಸೈಜ್ ಝೀರೋ’ ಆದ ಕತೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯವರೆಗೂ ಮುಟ್ಟಿತ್ತು. ಆಮೇಲೆ ದಿವೇಕರ್ ಎಷ್ಟೋ ಪುಸ್ತಕ ಬರೆದರು. ಆದರೆ ಹೆಸರು ನಿಂತಿರುವುದು ಈ ಮೊದಲನೆಯದರ ಮೇಲೆ. ಆ ಹೆಸರಿನಲ್ಲಿ ಅರ್ಧಪಾಲು ನ್ಯಾಯವಾದದ್ದೇ. ಅನ್ನ, ತುಪ್ಪ, ಬಾಳೆಹಣ್ಣುಗಳನ್ನು ಅಪರಾಧಿಗಳ ಸಾಲಿನಿಂದ ಎಬ್ಬಿಸಿ ಮತ್ತೆ ತಟ್ಟೆಗೆ ತಂದವರು ಅವರು. ಅಜ್ಜಿಯ ಅಡುಗೆಮನೆಗೆ ಮರ್ಯಾದೆ ಕೊಡಿಸಿದರು. ನನ್ನ ತಕರಾರು ಉಳಿದ ಅರ್ಧದ ಮೇಲೆ.

ಪುಸ್ತಕದ ಸೂತ್ರಗಳು ನಾಲ್ಕು. ಎದ್ದ ಕೂಡಲೇ ಚಹಾ, ಕಾಫಿ ಬೇಡ, ಏನಾದರೂ ತಿನ್ನಿ. ಎರಡು ಗಂಟೆಗೊಮ್ಮೆ ತಿನ್ನಿ. ಚಟುವಟಿಕೆ ಹೆಚ್ಚಿದ್ದಾಗ ಹೆಚ್ಚು, ಕಡಿಮೆಯಿದ್ದಾಗ ಕಡಿಮೆ ತಿನ್ನಿ. ಮಲಗುವುದಕ್ಕೆ ಎರಡು ಗಂಟೆ ಮೊದಲೇ ಊಟ ಮುಗಿಸಿ. ಜಗಳವೆಲ್ಲ ನಡೆದದ್ದು ಎರಡನೆಯದರ ಮೇಲೆ. ಲಾತೂರಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಜಗನ್ನಾಥ ದೀಕ್ಷಿತ್ ಇದಕ್ಕೆ ನೇರ ಎದುರಾದದ್ದನ್ನು ಹೇಳಿದರು: ದಿನಕ್ಕೆ ಎರಡೇ ಊಟ, ಒಂದೊಂದೂ 55 ನಿಮಿಷದೊಳಗೆ ಮುಗಿಯಬೇಕು, ಜೊತೆಗೆ 45 ನಿಮಿಷದಲ್ಲಿ ನಾಲ್ಕೂವರೆ ಕಿಲೊಮೀಟರ್ ನಡಿಗೆ. ಈ ದಾರಿಯ ಮೂಲ ವೈದ್ಯರೂ ರಾಜಕಾರಣಿಯೂ ಆಗಿದ್ದ ಶ್ರೀಕಾಂತ ಜಿಚ್ಕಾರ್ ಎಂದು ಅವರೇ ಹೇಳುತ್ತಾರೆ. ಮರಾಠಿ ಮನೆಗಳಲ್ಲಿ ‘ನೀವು ದೀಕ್ಷಿತರೋ ದಿವೇಕರೋ’ ಎಂದು ಕೇಳುವ ಮಟ್ಟಕ್ಕೆ ಇದು ಬೆಳೆಯಿತು. ದಾದರ್, ಡೊಂಬಿವಲಿಯ ಕನ್ನಡ ಮನೆಗಳೂ ಪಕ್ಷ ಹಿಡಿದವು. ಮುಲುಂಡಿನ ಒಂದೇ ಮನೆಯಲ್ಲಿ ಅತ್ತೆ ಒಂದು ಪಕ್ಷ, ಸೊಸೆ ಇನ್ನೊಂದು ಪಕ್ಷ ಇದ್ದದ್ದು ನನಗೆ ಗೊತ್ತು.

ಈ ಗದ್ದಲದಲ್ಲಿ ಮೂರನೆಯ ಸೂತ್ರವನ್ನು ಯಾರೂ ಮುಟ್ಟಲಿಲ್ಲ. ಎಷ್ಟು ಸಹಜ, ಎಷ್ಟು ನಿರುಪದ್ರವಿ! ಗದ್ದೆಯಲ್ಲಿ ದುಡಿದವನಿಗೆ ಎರಡು ತುತ್ತು ಹೆಚ್ಚು ಎಂಬ ಮಾತನ್ನು ಯಾರು ಅಲ್ಲಗಳೆದಾರು? ಆದರೆ ಈ ಪುಸ್ತಕ ಕೊಳ್ಳುವವರು ಗದ್ದೆಯವರಲ್ಲ. ಹೊಸದಾಗಿ ನಡಿಗೆಯನ್ನೋ ಜಿಮ್ಮನ್ನೋ ಶುರುಮಾಡಿ, ಮೊದಲ ಕೆಲವು ವಾರ ತೂಕ ಸರಸರ ಇಳಿದು, ಮೂರು ನಾಲ್ಕು ತಿಂಗಳಿಗೆ ಅಲ್ಲೇ ನಿಂತುಹೋದವರು. ಟ್ರೇನರ್‌ಗಳ ಭಾಷೆಯಲ್ಲಿ ‘ಪ್ಲಾಟೋ’ ಬಂದವರು. ಇಂಥವರ ಕೈಗೆ ಮೂರನೆಯ ಸೂತ್ರ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಮಾಟುಂಗದ ಬೆಳಗುಗಳನ್ನು ನೋಡಬೇಕು. ಫೈವ್ ಗಾರ್ಡನ್ಸ್‌ನಲ್ಲಿ ಸುತ್ತು ಹಾಕಿದ ಬೂಟುಗಳು ನೆಟ್ಟಗೆ ಕಿಂಗ್ಸ್ ಸರ್ಕಲ್ ಕಡೆಯ ಉಡುಪಿ ಹೋಟೆಲುಗಳಿಗೆ ನಡೆಯುತ್ತವೆ. ಸಾಂಬಾರಿನಲ್ಲಿ ಮುಳುಗಿದ ಒಂದು ವಡೆ, ಬೆಣ್ಣೆ ಕರಗುತ್ತಿರುವ ಒಂದು ದೋಸೆ, ಸಕ್ಕರೆ ಹಾಕಿದ ಒಂದು ಕಾಫಿ. ‘ಇವತ್ತು ನಡೆದಿದ್ದೇನಲ್ಲ’ ಎಂಬ ಮಾತು ಮೇಜಿನಿಂದ ಮೇಜಿಗೆ ಕೇಳುತ್ತದೆ. ದಿವೇಕರ್ ಇದನ್ನು ಉದ್ದೇಶಿಸಿರಲಿಲ್ಲ, ಒಪ್ಪುತ್ತೇನೆ. ಆದರೆ ಸೂತ್ರವೆಂದರೆ ಬರೆದವರ ಉದ್ದೇಶವಷ್ಟೇ ಅಲ್ಲ, ಓದಿದವರ ಕೈಯಲ್ಲಿ ಅದು ಏನಾಗುತ್ತದೆ ಎಂಬುದೂ ಹೌದು.

ಲೆಕ್ಕ ಹಾಕೋಣ. ಎಪ್ಪತ್ತು ಕಿಲೊ ತೂಕದವರು 45 ನಿಮಿಷ ಚುರುಕಾಗಿ ನಡೆದರೆ ಖರ್ಚಾಗುವುದು ಇನ್ನೂರು ಕ್ಯಾಲೊರಿಯ ಆಸುಪಾಸು. ಒಂದು ವಡಾಪಾವ್ ಅದನ್ನು ಮೀರುತ್ತದೆ. ‘ಹೆಚ್ಚು’ ಎಂದರೆ ಎಷ್ಟು ಹೆಚ್ಚು ಎಂಬುದನ್ನು ಸೂತ್ರ ಹೇಳುವುದಿಲ್ಲ, ಹಸಿವೇ ಹೇಳಲಿ ಎಂದು ಬಿಟ್ಟುಬಿಡುತ್ತದೆ. ಹೊಸದಾಗಿ ವ್ಯಾಯಾಮಕ್ಕೆ ಇಳಿದ ದೇಹದ ಹಸಿವಾದರೋ ಪಕ್ಷಪಾತಿ ಸಾಕ್ಷಿ.

ಇಲ್ಲಿ ನಾನು ಬೇರೆ ವಿಮರ್ಶಕರ ಮೇಲೂ ತಿರುಗಿ ಬೀಳಬೇಕು. ದಿವೇಕರ್ ಅವರನ್ನು ಅವೈಜ್ಞಾನಿಕ ಎನ್ನುವ ಒಂದು ಗುಂಪಿದೆ. ಕ್ಯಾಲೊರಿ ಕಡಿಮೆ ತಿನ್ನು, ಹೆಚ್ಚು ಸುಡು, ಉಳಿದದ್ದೆಲ್ಲ ಸುಳ್ಳು ಎಂಬುದು ಅವರ ಮಂತ್ರ. ಮಂತ್ರ ಸರಿ, ಪ್ರಯೋಗ ತಪ್ಪು. ಅವರ ಜೇಬಿನಲ್ಲಿರುವುದು ಮ್ಯಾಕ್ಸ್ ವಿಶ್ನೋಫ್‌ಸ್ಕಿ 1958ರಲ್ಲಿ ಕೊಟ್ಟ ಲೆಕ್ಕ: ಒಂದು ಪೌಂಡ್‌ಗೆ 3500 ಕ್ಯಾಲೊರಿ, ಅಂದರೆ ಕಿಲೊಗೆ ಸುಮಾರು 7700. ಅದರ ಪ್ರಕಾರ ದಿನಕ್ಕೆ ಇನ್ನೂರು ಸುಟ್ಟರೆ ವರ್ಷಕ್ಕೆ ಒಂಬತ್ತೂವರೆ ಕಿಲೊ ಇಳಿಯಬೇಕು, ಐದು ವರ್ಷಕ್ಕೆ ನಲವತ್ತೇಳು. ಹಾಗಾದರೆ ಶಿವಾಜಿ ಪಾರ್ಕಿನಲ್ಲಿ ಇಪ್ಪತ್ತು ವರ್ಷದಿಂದ ನಡೆಯುತ್ತಿರುವ ಹಿರಿಯರು ಇಷ್ಟು ಹೊತ್ತಿಗೆ ಗಾಳಿಯಲ್ಲಿ ತೇಲಬೇಕಿತ್ತು.

ಇಳಿದ ದೇಹಕ್ಕೆ ಖರ್ಚೂ ಇಳಿಯುತ್ತದೆ. ಎಂಬತ್ತು ಕಿಲೊ ಹೊತ್ತು ನಡೆಯುವುದಕ್ಕೂ ಎಪ್ಪತ್ನಾಲ್ಕು ಕಿಲೊ ಹೊತ್ತು ನಡೆಯುವುದಕ್ಕೂ ವ್ಯತ್ಯಾಸವಿದೆ. ಮಲಗಿದ್ದಾಗಿನ ಖರ್ಚಿಗೂ ಇದೇ ಮಾತು. ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಲೆಕ್ಕ ಇದನ್ನು ಸೇರಿಸಿಕೊಳ್ಳುತ್ತದೆ. ದಿನಕ್ಕೆ ಸುಮಾರು 24 ಕ್ಯಾಲೊರಿಯ ಕಾಯಂ ವ್ಯತ್ಯಾಸಕ್ಕೆ ಕೊನೆಗೆ ಒಂದು ಕಿಲೊ ಬದಲಾವಣೆ. ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಬಹುಪಾಲು ಮೂರು ವರ್ಷದೊಳಗೆ. ಇನ್ನೂರು ಕ್ಯಾಲೊರಿಯ ನಡಿಗೆಗೆ ಒಟ್ಟು ಎಂಟು ಕಿಲೊ, ಮೊದಲ ವರ್ಷಕ್ಕೆ ನಾಲ್ಕು. ಅರ್ಧವನ್ನು ದೋಸೆಯಲ್ಲಿ ವಾಪಸು ಪಡೆದರೆ ಎರಡೇ. ಉಪ್ಪು, ನೀರು, ವ್ಯಾಯಾಮಕ್ಕೆ ನೊಂದ ಸ್ನಾಯುಗಳು ಹಿಡಿದಿಟ್ಟ ದ್ರವ ಎಲ್ಲ ಸೇರಿ ವಾರದಲ್ಲೇ ಒಂದೆರಡು ಕಿಲೊ ಏರಿಳಿಸುತ್ತವೆ. ಆ ಗಲಿಬಿಲಿಯಲ್ಲಿ ವರ್ಷದ ಎರಡು ಕಿಲೊ ಯಾರ ಕಣ್ಣಿಗೆ ಬಿದ್ದೀತು? ಮೊದಲ ವಾರಗಳಲ್ಲಿ ಸರಸರ ಇಳಿದದ್ದರಲ್ಲೂ ಬಹಳಷ್ಟು ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೊಜೆನ್ ಜೊತೆ ಹೋದ ನೀರು. ಹೀಗಾಗಿ ಪ್ಲಾಟೋ ಎಂಬುದು ಹೊರಗಿನಿಂದ ಬಂದ ಕಾಯಿಲೆಯೇನಲ್ಲ. ಮಾಡಿದ ಬದಲಾವಣೆಗೆ ಸಿಗುವ ಕೂಲಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ಅಷ್ಟೇ.

ಇದನ್ನು ಹೇಳದೆ ದಿವೇಕರ್ ಕೊಡುವ ಉತ್ತರ ತೂಕದ ಯಂತ್ರವನ್ನೇ ಮರೆಯಿರಿ ಎಂಬುದು. ನಿದ್ದೆ, ಲವಲವಿಕೆ, ಸೊಂಟದ ಸುತ್ತಳತೆ ನೋಡಿ ಎನ್ನುತ್ತಾರೆ. ಈ ಮಾತಿಗೆ ಬಲವಾದ ಆಧಾರವೂ ಇದೆ, ಅದೂ ನೆರೆಯ ಪುಣೆಯಿಂದಲೇ. ಅಲ್ಲಿನ ಕೆಇಎಂ ಆಸ್ಪತ್ರೆಯ ಸಿ.ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊ ಹಾಕಿ ಬರೆದ ಒಂದು ಪುಟ ಪ್ರಸಿದ್ಧವಾಗಿದೆ. ಇಬ್ಬರ ಬಿಎಂಐ 22.3. ಯುಡ್ಕಿನ್‌ರಲ್ಲಿ ಕೊಬ್ಬು ಶೇ. 9.1, ನಮ್ಮ ಯಾಜ್ಞಿಕ್‌ರಲ್ಲಿ ಶೇ. 21.2. ತೂಕ ಸುಳ್ಳು ಹೇಳಬಲ್ಲದು, ನಿಜ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟದ ಗಡಿ ನಮಗೆ ಹೆಚ್ಚು ಉಪಯುಕ್ತ. ಆದರೆ ತೂಕ ನಿಂತವರಿಗೆ ‘ಕೊಬ್ಬು ಸ್ನಾಯುವಾಗುತ್ತಿದೆ’ ಎಂದು ಜಿಮ್ಮುಗಳು ಹೇಳುವ ಸಮಾಧಾನ ಎಷ್ಟೋ ಸಲ ಚಂದಾ ನವೀಕರಣದ ಮಾತು. ಬರೀ ನಡಿಗೆಯಿಂದ ಸ್ನಾಯು ಕಿಲೊಗಟ್ಟಲೆ ಬೆಳೆಯುವುದಿಲ್ಲ. ಸೊಂಟದ ಟೇಪೂ ಅಲ್ಲಾಡದಿದ್ದರೆ ಏನು ಮಾಡಬೇಕು? ನಾಲ್ಕು ಸೂತ್ರಗಳಲ್ಲಿ ಇದಕ್ಕೆ ಜಾಗವಿಲ್ಲ. ತಾರೆಯೊಬ್ಬಳ ಇಳಿದ ತೂಕದಿಂದ ಮಾರಾಟವಾದ ಪುಸ್ತಕ, ಓದುಗನ ತೂಕ ನಿಂತ ಕೂಡಲೇ ತೂಕಕ್ಕೇನು ಮಹತ್ವ ಎನ್ನುವುದು ನನಗೆ ಸರಿಕಾಣುವುದಿಲ್ಲ.

ಎರಡು ಗಂಟೆಗೊಮ್ಮೆ ತಿನ್ನುವ ಎರಡನೆಯ ಸೂತ್ರದ ಬಗ್ಗೆ ಒಂದೇ ಮಾತು. ಬೆಳಗಿನ ಡೊಂಬಿವಲಿ ಫಾಸ್ಟ್‌ನಲ್ಲಿ ಕೈ ಎತ್ತಿ ಹಿಡಿಕೆ ಹಿಡಿದು ನಿಂತವರಿಗೆ ಆ ಕೈ ಕೆಳಗಿಳಿಸಲೂ ಜಾಗವಿರುವುದಿಲ್ಲ, ಶೇಂಗಾದ ಡಬ್ಬಿ ತೆರೆಯುವುದು ದೂರದ ಮಾತು.

ದೀಕ್ಷಿತರ ಬಳಿಯೂ ನಿಂತ ತೂಕಕ್ಕೆ ಉತ್ತರವಿಲ್ಲ. ತಿಂದಾಗಲೆಲ್ಲ ಇನ್ಸುಲಿನ್ ಏರುತ್ತದೆ ಎಂಬ ಅವರ ವಿವರಣೆ ಎಷ್ಟೇ ಚಂದವಿರಲಿ, ಎರಡು ಊಟದ ಗುಟ್ಟು ಆಫೀಸಿನ ಚಹಾ, ಖಾರಿ, ಫರಸಾಣ್ ತಪ್ಪಿದ್ದರಲ್ಲಿದೆ. ಆ ಉಳಿತಾಯವೂ ಒಂದು ದಿನ ಮುಗಿಯುತ್ತದೆ. ಆದರೂ ಆಯ್ಕೆ ಮಾಡಲೇಬೇಕೆಂದರೆ ನನ್ನ ಮತ ಅವರಿಗೆ. ಕಾರಣ ಆ ನಾಲ್ಕೂವರೆ ಕಿಲೊಮೀಟರ್. ಅಳತೆ ಕೊಟ್ಟ ಯೋಜನೆಯನ್ನು ತಿದ್ದಬಹುದು: ಐದೂವರೆಗೆ ಏರಿಸಬಹುದು, ವಾರಕ್ಕೆರಡು ದಿನ ಭಾರ ಎತ್ತುವುದಕ್ಕೆ ಬಿಡಬಹುದು, ಒಂದು ಚಪಾತಿ ಇಳಿಸಿ ಬೇಳೆ, ಮೊಟ್ಟೆ ಏರಿಸಬಹುದು, ತಿಂಗಳ ನಂತರ ಟೇಪು ಹಿಡಿಯಬಹುದು. ‘ಹೆಚ್ಚು’, ‘ಕಡಿಮೆ’ಗಳನ್ನು ತಿದ್ದುವುದು ಎಲ್ಲಿಂದ? ಮುಂದಿನ ಮುದ್ರಣದಲ್ಲಿ ದಿವೇಕರ್ ಮೂರನೆಯ ಸೂತ್ರದ ಕೆಳಗೆ ಎರಡು ಸಾಲು ಸೇರಿಸಲಿ: ಒಂದು ಮುಂಜಾನೆಯ ನಡಿಗೆಯನ್ನು ‘ಹೆಚ್ಚು ಚಟುವಟಿಕೆ’ ಎಂದು ಎಣಿಸಬಾರದು, ಮತ್ತು ಐದು ಕಿಲೊ ಇಳಿದವರು ಊಟದ ಅಳತೆಯನ್ನು ಹೊಸ ತೂಕಕ್ಕೆ ತಕ್ಕಂತೆ ಹಾಕಿಕೊಳ್ಳಬೇಕು, ಹಳೆಯದಕ್ಕಲ್ಲ.