ಸಂಪಾದಕನ ಮೇಜಿನ ಕಾಗದಗಳು

ಪಿ. ಲಂಕೇಶ್ ತೀರಿಕೊಂಡದ್ದು 2000ದ ಜನವರಿ 25ರಂದು. ಕಾಲು ಶತಮಾನ ಕಳೆದ ಮೇಲೆ ಅವರ ‘ಟೀಕೆ ಟಿಪ್ಪಣಿ’ ಸಂಪುಟಗಳನ್ನು ಮತ್ತೆ ಓದಲು ಕುಳಿತಾಗ ನಮ್ಮನ್ನು ಒಂದು ಕೊರತೆ ಕಾಡಿತು. ಬರಹದ ಹರಿತ ಕಡಿಮೆಯಾಗಿಲ್ಲ. ಅಧಿಕಾರದಲ್ಲಿದ್ದವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವಂಥ ಆ ಗದ್ಯ ಇಂದಿಗೂ ಚುರುಕಾಗಿದೆ. ಆದರೆ ನಮ್ಮ ಕೈಯಲ್ಲಿರುವುದು ಪುಸ್ತಕ, ಪತ್ರಿಕೆಯಲ್ಲ.

1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ, ಓದುಗರು ಕೊಟ್ಟ ಕಾಸಿನಿಂದಲೇ ನಡೆದ ವಾರಪತ್ರಿಕೆ. ಗುಂಡೂರಾಯರ ಸರ್ಕಾರದ ವಿರುದ್ಧ ಅದು ವಾರವಾರವೂ ಬರೆಯಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಾಗ ಅದರ ಪಾಲೂ ಇದೆಯೆಂದು ಜನ ಮಾತಾಡಿಕೊಂಡರು. ಅಂಥ ವಾರದ ಸಂಪಾದಕೀಯವೊಂದನ್ನು ಪುಸ್ತಕದಲ್ಲಿ ಓದುವವನಿಗೆ ಅದರ ಪಕ್ಕದ ಪುಟದಲ್ಲಿದ್ದ ಜಿಲ್ಲಾ ವರದಿ ಕಾಣುವುದಿಲ್ಲ. ವ್ಯಂಗ್ಯಚಿತ್ರ ಕಾಣುವುದಿಲ್ಲ. ಮುಂದಿನ ವಾರ ಸಿಟ್ಟಿನಿಂದ ಬರೆದ ಓದುಗನ ಕಾಗದವೂ ಕಾಣುವುದಿಲ್ಲ. ಲಂಕೇಶರ ಟೀಕೆ ಎಲ್ಲಿ ಸರಿಯಿತ್ತು, ಎಲ್ಲಿ ಅತಿಯಾಯಿತು, ಯಾರಿಗೆ ಅನ್ಯಾಯವಾಯಿತು ಎಂದು ತೂಗಿ ನೋಡಲು ತಕ್ಕಡಿಯ ಇನ್ನೊಂದು ತಟ್ಟೆಯೇ ಇಲ್ಲ. ಹೀಗಾಗಿ ನಮ್ಮಲ್ಲಿ ಲಂಕೇಶರ ಬಗ್ಗೆ ಬರುವ ಮಾತೆಲ್ಲ ಒಂದೋ ಭಕ್ತಿಯದು, ಇಲ್ಲವೇ ಹಳೆಯ ಮುನಿಸಿನದು.

ನಮ್ಮಂಥವರಿಗೆ ಇದು ಬರೀ ಪತ್ರಿಕೋದ್ಯಮದ ಪ್ರಶ್ನೆಯಲ್ಲ. ಸಾರಾ ಅಬೂಬಕ್ಕರ್ ಅವರ ಮೊದಲ ಲೇಖನ 1981ರಲ್ಲಿ ಪ್ರಕಟವಾದದ್ದು ಈ ಪತ್ರಿಕೆಯಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದೂ ಇಲ್ಲೇ. ಹಾಸನದ ಬಾನು ಮುಷ್ತಾಕ್ 80ರ ದಶಕದಲ್ಲಿ ಇದೇ ಪತ್ರಿಕೆಗೆ ವರದಿ ಮಾಡುತ್ತಿದ್ದರು. ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ಎಲ್ಲರೂ ಸಂಭ್ರಮಿಸಿದೆವು. ಕಥೆಗಳು ಪುಸ್ತಕವಾಗಿ ಉಳಿದಿವೆ, ಸರಿ. ಆದರೆ ಕಚೇರಿ, ಕೋರ್ಟು, ಬೀದಿ ಸುತ್ತಿ ಬರೆದ ಆ ವರದಿಗಳು? ವರದಿಗಾರ್ತಿಯ ಕೈ ಕಥೆಗಾರ್ತಿಯ ಕೈಯನ್ನು ಹೇಗೆ ಪಳಗಿಸಿತು ಎಂದು ಹೇಳಬೇಕಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಇನ್ನೊಂದು ಮಾತನ್ನು ನಾವು ಆಗಾಗ ಕೇಳುತ್ತೇವೆ: ಮುಸ್ಲಿಂ ಹೆಣ್ಣುಮಕ್ಕಳಿಂದ ‘ಲಂಕೇಶರು ಬರೆಸಿದರು’. ಇದು ಗೌರವದ ಮಾತೇ. ಆದರೆ ಇದರಲ್ಲಿ ಬರೆದವರ ಪಾಲು ಮೆಲ್ಲಗೆ ಕಡಿಮೆಯಾಗುತ್ತದೆ. ಬರೆಯುವ ಛಲ ಅವರದ್ದು. ಮನೆಯೊಳಗೆ, ಮೊಹಲ್ಲಾದಲ್ಲಿ ಅದಕ್ಕೆ ಬೆಲೆ ತೆತ್ತವರೂ ಅವರೇ. ಸಂಪಾದಕ ಕೊಟ್ಟದ್ದು ಜಾಗ. ಜಾಗ ಸಣ್ಣದಲ್ಲ, ಆದರೆ ಅದೇ ಎಲ್ಲವೂ ಅಲ್ಲ. ಹಸ್ತಪ್ರತಿಯಲ್ಲಿ ಏನಿತ್ತು, ಸಂಪಾದಕ ಏನು ತಿದ್ದಿದ, ಏನನ್ನು ಮುಟ್ಟದೆ ಬಿಟ್ಟ, ಯಾವ ಕಾಗದಕ್ಕೆ ಏನು ಉತ್ತರ ಬರೆದ ಎಂಬುದು ಮೇಜಿನ ಕಾಗದಗಳಿಂದ ಮಾತ್ರ ಇತ್ಯರ್ಥವಾಗುವ ವಿಷಯ. ಭಾಷಣದಿಂದ ಅಲ್ಲ.

ನಮ್ಮ ಹೆಬ್ಬೂರಿನ ಮನೆಯಲ್ಲಿ ಎರಡು ಭಾಷೆಯ ಪತ್ರಿಕೆಗಳು ಬರುತ್ತಿದ್ದವು. ಉರ್ದು ಪತ್ರಿಕೆಯಲ್ಲಿ ಅಲ್ಲಾಹನ ಹೆಸರೋ ಆಯತೋ ಇರಬಹುದೆಂದು ಅಮ್ಮಿ ಅದನ್ನು ಕಾಲಿಗೆ ಸಿಗದಂತೆ ಎತ್ತಿಡುತ್ತಿದ್ದರು. ಕಟ್ಟು ದೊಡ್ಡದಾದಾಗ ಅಬ್ಬಾ ಅದನ್ನು ಪಾಳುಬಾವಿಗೆ ಬಿಟ್ಟು ಬರುತ್ತಿದ್ದರು. ಕನ್ನಡ ಪತ್ರಿಕೆಗೆ ಆ ಮರ್ಯಾದೆ ಇರಲಿಲ್ಲ. ಅದು ತೂಕಕ್ಕೆ ಹೋಗಿ ಕುಣಿಗಲ್ ರಸ್ತೆಯ ಅಂಗಡಿಯಲ್ಲಿ ಕಡಲೆಕಾಯಿಯ ಪೊಟ್ಟಣವಾಗುತ್ತಿತ್ತು. ಒಂದು ಅದಬಿನಿಂದ ಹೋಯಿತು, ಇನ್ನೊಂದು ಅಸಡ್ಡೆಯಿಂದ. ಉಳಿದದ್ದು ಎರಡೂ ಇಲ್ಲ. ಈಗ ಹಳೆಯ ಸಂಚಿಕೆಯೊಂದನ್ನು ಹುಡುಕುವಾಗ ಬೇರೆಯವರನ್ನು ದೂರುವ ಮುಖ ನಮಗಿಲ್ಲ.

ಕಾಗದಕ್ಕೆ ಅದಬು ಮಾಡುವ ಇನ್ನೊಂದು ಬಗೆಯೂ ನಮ್ಮ ಪರಂಪರೆಯಲ್ಲಿದೆ. 1912ರಲ್ಲಿ ಕಲ್ಕತ್ತೆಯಲ್ಲಿ ‘ಅಲ್ ಹಿಲಾಲ್’ ಶುರುಮಾಡಿದ ಮೌಲಾನಾ ಆಜಾದ್ ಮೂಲತಃ ಪತ್ರಕರ್ತರೇ. ‘ಇಂಡಿಯಾ ವಿನ್ಸ್ ಫ್ರೀಡಂ’ ಕೃತಿಯ ಸುಮಾರು ಮೂವತ್ತು ಪುಟಗಳನ್ನು ಅವರು ಆಗ ಅಚ್ಚಿಗೆ ಕೊಡಲಿಲ್ಲ, ಸುಡಲೂ ಇಲ್ಲ. ಪೂರ್ಣ ಹಸ್ತಪ್ರತಿಗೆ ಮೊಹರು ಬಿತ್ತು. ಅದರ ಪ್ರತಿಗಳು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಲ್ಲೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಉಳಿದವು. ಮೌಲಾನಾ 1958ರಲ್ಲಿ ತೀರಿಕೊಂಡರು. ಪೂರ್ಣ ಪಾಠ ಹೊರಬಂದದ್ದು 1988ರಲ್ಲಿ. ಅಷ್ಟರಲ್ಲಿ ಅದರಲ್ಲಿ ಹೆಸರಿಸಲಾದ ಹಲವರು ಬದುಕಿರಲಿಲ್ಲ. ಆದರೆ ವಿಭಜನೆಯ ಹೊಣೆ ಯಾರದು ಎಂಬ ವಾದಕ್ಕೆ ಒಬ್ಬ ಸಾಕ್ಷಿಯ ಹೇಳಿಕೆ ತುಂಡಾಗದೆ ದಕ್ಕಿತು.

ಈ ಕ್ರಮ ನಮಗೂ ಬೇಕು. ಪತ್ರಿಕೆಯ ಮೇಜಿಗೆ ಬರುವ ಕಾಗದಗಳಲ್ಲಿ ಎಲ್ಲವೂ ಲೋಕಕ್ಕೆ ತೋರಿಸುವಂಥದಲ್ಲ. ಗಂಡ ಬಿಟ್ಟವಳೊಬ್ಬಳು ನಂಬಿಕೆಯಿಂದ ಬರೆದದ್ದು ಇರುತ್ತದೆ. ಕಚೇರಿಯ ಲಂಚದ ಸುಳಿವು ಕೊಟ್ಟ ಗುಮಾಸ್ತನ ಹೆಸರಿರುತ್ತದೆ. ಅವರ ಮಾನವನ್ನೂ ಜೀವವನ್ನೂ ಕಾಯುವುದು ಸಂಶೋಧನೆಗಿಂತ ಮೊದಲ ಕರ್ತವ್ಯ. ತಂದೆಯ ನಂತರ ಪತ್ರಿಕೆ ನಡೆಸಿದ, ಮುಂದೆ ತಮ್ಮ ಹೆಸರಿನ ಪತ್ರಿಕೆಯನ್ನೇ ಕಟ್ಟಿದ ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದ ನಾಡು ಇದು. ಬರೆದ ಕಾಗದ ಇಲ್ಲಿ ನಿರುಪದ್ರವಿ ವಸ್ತುವಲ್ಲ. ಆದ್ದರಿಂದ ಬೀಗ ಇರಲಿ, ಆದರೆ ಬೀಗಕ್ಕೆ ಒಂದು ತಾರೀಖೂ ಇರಲಿ.

ಕನ್ನಡದ ವಿಮರ್ಶೆ ಪುಸ್ತಕವನ್ನೇ ನೆಚ್ಚಿಕೊಂಡಿದೆ. ಹೊಲಿದು ರಟ್ಟು ಹಾಕಿದ್ದು ಸಾಹಿತ್ಯ, ಉಳಿದದ್ದು ಹಳೇ ಪೇಪರು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಮುಸ್ಲಿಮರ ಕನ್ನಡ ಬರಹ ಬೆಳೆದದ್ದು ಹೆಚ್ಚಾಗಿ ಆ ಹಳೇ ಪೇಪರಿನಲ್ಲೇ: ವಾರಪತ್ರಿಕೆಯ ಮೂಲೆಯಲ್ಲಿ, ಓದುಗರ ಓಲೆಯಲ್ಲಿ, ಈ ಮಾಸಿಕದಂಥ ಪುಟಗಳಲ್ಲಿ. ಅದನ್ನು ಕಳೆದುಕೊಂಡರೆ ಮುಂದಿನವರು ನಮ್ಮ ಚರಿತ್ರೆಯನ್ನು ಎರಡು ಮೂರು ಪ್ರಶಸ್ತಿಗಳಿಂದ ಬರೆಯುತ್ತಾರೆ.

ಓದುಗರ ಅಟ್ಟದ ಮೇಲೆ ಹಳೆಯ ಸಂಚಿಕೆಗಳ ಕಟ್ಟಿದ್ದರೆ ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಸಂಪಾದಕರು ನಿಮಗೆ ಬರೆದ ಒಂದು ಕಾರ್ಡು ಸಿಕ್ಕರೂ ಸಾಕು. ಅದರ ಹಿಂದೆ ಸೀಸದಕಡ್ಡಿಯಲ್ಲಿ ತಾರೀಖು ಬರೆದಿಡಿ.