ವೆನಿಸ್ಸಿನ ಶೂನ್ಯರೇಖೆ: ಕಡಲಮಟ್ಟದ ದಾಖಲೆಯೊಂದರ ವಿಮರ್ಶೆ

ಇತಿಹಾಸದ ಅಭ್ಯಾಸಿಗಳಾದ ನಮಗೆ ದಾಖಲೆಯೆಂದೊಡನೆ ಶಾಸನ, ಕಡತ, ಪತ್ರವ್ಯವಹಾರಗಳು ನೆನಪಿಗೆ ಬರುತ್ತವೆ. ಕಡಲಿನ ಏರಿಳಿತವನ್ನು ಎಡೆಬಿಡದೆ ಗುರುತಿಸುವ ಉಬ್ಬರಮಾಪಕದ ಹಾಳೆಯೂ ಅಂಥದೇ ಒಂದು ದಾಖಲೆ. ಅದನ್ನು ಆಧಾರವಾಗಿಟ್ಟುಕೊಂಡು ಇಂದು ಕರಾವಳಿಯ ನಗರಗಳು ತಮ್ಮ ಮುಂದಣ ರಕ್ಷಣೆಯನ್ನು ಯೋಜಿಸುತ್ತಿವೆ. ಹೀಗಿರಲಾಗಿ, ಶಾಸನವೊಂದನ್ನು ಓದುವಾಗ ಕೇಳುವ ಪ್ರಶ್ನೆಗಳನ್ನು ಈ ದಾಖಲೆಗೂ ಕೇಳುವುದು ಉಚಿತವಷ್ಟೆ. ಅಳತೆಯನ್ನು ಎಲ್ಲಿಂದ ಆರಂಭಿಸಿದರು? ಅದರಲ್ಲಿ ಏನೇನು ಬೆರೆತಿದೆ? ಅದರಿಂದ ಎಷ್ಟನ್ನು ಹೇಳಬಹುದು? ಇಟಲಿಯ ವೆನಿಸ್ ನಗರದ ದಾಖಲೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವೆನಿಸ್ಸಿನಲ್ಲಿ 1872ರಿಂದ ನೀರಿನ ಮಟ್ಟವನ್ನು ಕ್ರಮಬದ್ಧವಾಗಿ ಅಳೆಯುತ್ತ ಬಂದಿದ್ದಾರೆ. ಇಷ್ಟು ದೀರ್ಘವಾದ ದಾಖಲೆ ಮೆಡಿಟರೇನಿಯನ್ ತೀರದಲ್ಲಿ ವಿರಳ. ನಗರದಲ್ಲಿ ಪ್ರಕಟವಾಗುವ ಉಬ್ಬರದ ಅಂಕಿಗಳೆಲ್ಲವೂ ಪುಂತಾ ದೆಲ್ಲಾ ಸಲೂತೆ ಎಂಬಲ್ಲಿರುವ ಮಾಪಕದ ಶೂನ್ಯರೇಖೆಯಿಂದ ಎಣಿಸಿದವು. 1885ರಿಂದ 1909ರವರೆಗಿನ ಸರಾಸರಿ ಮಟ್ಟವೇ ಈ ಶೂನ್ಯರೇಖೆ. ನಡುವಣ ವರ್ಷವಾದ 1897ರ ಹೆಸರಿನಿಂದ ಅದನ್ನು ಕರೆಯುತ್ತಾರೆ. ಆದರೆ ಇಟಲಿಯ ರಾಷ್ಟ್ರೀಯ ಭೂಮಾಪನವು ಅನುಸರಿಸುವ ಶೂನ್ಯರೇಖೆ ಬೇರೆ. ಜಿನೋವಾ ನಗರದಲ್ಲಿ ನಿಗದಿಯಾದ, 1942ರ ಹೆಸರನ್ನು ಹೊತ್ತ ಆ ರೇಖೆ ವೆನಿಸ್ಸಿನ ರೇಖೆಗಿಂತ ಸುಮಾರು 23 ಸೆಂಟಿಮೀಟರು, ಎಂದರೆ ಒಂದು ಗೇಣಿನಷ್ಟು, ಮೇಲಿದೆ. ಶಕವರ್ಷವನ್ನೂ ಕ್ರಿಸ್ತವರ್ಷವನ್ನೂ ಬೆರೆಸಿ ಓದಿದವನಿಗೆ ಒದಗುವ ತೊಡಕು ಈ ಎರಡು ರೇಖೆಗಳನ್ನು ಬೆರೆಸಿದವನಿಗೂ ತಪ್ಪದು.

ಇದಕ್ಕಿಂತ ಗಹನವಾದ ವಿಷಯ ಇನ್ನೊಂದಿದೆ. ಮಾಪಕವನ್ನು ನೆಟ್ಟಿರುವುದು ನೆಲದಲ್ಲಿ. ನೀರು ಏರಿದರೂ ನೆಲ ಕುಸಿದರೂ ಅದು ತೋರಿಸುವ ಅಂಕಿ ಒಂದೇ. ಸಮೀಪದ ಮಾರ್ಗೆರಾದ ಕೈಗಾರಿಕೆಗಳಿಗಾಗಿ, ವಿಶೇಷವಾಗಿ 1950ರಿಂದ 1970ರವರೆಗೆ, ಅಂತರ್ಜಲವನ್ನು ಹೇರಳವಾಗಿ ಎತ್ತಿದುದರಿಂದ ನಗರದ ನೆಲ ತಗ್ಗಿತು. ಇಪ್ಪತ್ತನೆಯ ಶತಮಾನದಲ್ಲಿ ಕಂಡುಬಂದ ಏರಿಕೆಯ ಸರಿಸುಮಾರು ಅರ್ಧಭಾಗಕ್ಕೆ ನೆಲದ ಕುಸಿತವೇ ಕಾರಣವೆಂದು ತಜ್ಞರ ಅಭಿಪ್ರಾಯ. ಬಾವಿಗಳನ್ನು ಮುಚ್ಚಿದ ಮೇಲೆ ಆ ಕುಸಿತ ಬಹುಮಟ್ಟಿಗೆ ನಿಂತಿತು. ಒಂದೇ ಅಂಕಿಯೊಳಗೆ ಎರಡು ಕಾರಣಗಳು ಅಡಗಿದ್ದವು. ಒಂದನ್ನು ನಗರವೇ ನಿಲ್ಲಿಸಬಹುದಾಗಿತ್ತು, ಇನ್ನೊಂದು ಅದರ ಕೈಮೀರಿದ್ದು. ಇವನ್ನು ಬೇರ್ಪಡಿಸದೆ ಓದಿದ್ದರೆ ಪರಿಹಾರದ ದಾರಿಯೇ ತಪ್ಪುತ್ತಿತ್ತು.

ಮಾಪಕವಿಲ್ಲದ ಕಾಲಕ್ಕೆ ಹೋಗಲು ದಾರಿಯೊಂದನ್ನು ವಿಜ್ಞಾನಿಗಳಾದ ದಾರಿಯೋ ಕಮುಫೋ ಮತ್ತು ಜೊವಾನ್ನಿ ಸ್ತುರಾರೋ ಅವರು ತೋರಿಸಿದ್ದಾರೆ. ಹದಿನೆಂಟನೆಯ ಶತಮಾನದ ಚಿತ್ರಕಾರ ಕನಲೆತ್ತೋ ಮತ್ತು ಅವನ ಸೋದರಳಿಯ ಬೆಲ್ಲೊತ್ತೋ ಕತ್ತಲೆಪೆಟ್ಟಿಗೆಯ ನೆರವಿನಿಂದ ಅರಮನೆಗಳನ್ನು ಬಹು ನಿಖರವಾಗಿ ಚಿತ್ರಿಸಿದರು. ಗೋಡೆಯ ಮೇಲಿನ ಪಾಚಿಯ ಹಸುರುಗೆರೆಯೂ ಆ ಚಿತ್ರಗಳಲ್ಲಿ ಮೂಡಿದೆ. ಅದೇ ಗೋಡೆಗಳ ಇಂದಿನ ಪಾಚಿಗೆರೆಯೊಡನೆ ಹೋಲಿಸಿ, ಈ ನಡುವೆ ನೀರು ಸುಮಾರು 60 ಸೆಂಟಿಮೀಟರು ಮೇಲೇರಿದೆಯೆಂದು 2003ರಲ್ಲಿ ಅವರು ಪ್ರಕಟಿಸಿದರು. ಕಲಾಕೃತಿಯನ್ನು ಸಾಕ್ಷ್ಯವಾಗಿ ಬಳಸಿದ ಈ ಜಾಣ್ಮೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಮೊದಲಿನ ಒಂದು ಬಿಂದು, ಕೊನೆಯ ಒಂದು ಬಿಂದು, ಇವೆರಡೇ ಈ ಸಾಕ್ಷ್ಯದಿಂದ ದೊರೆಯತಕ್ಕವು. ನಡುವೆ ಏರಿಕೆ ಯಾವಾಗ ನಿಧಾನವಾಗಿತ್ತು, ಯಾವಾಗ ತ್ವರಿತವಾಯಿತು ಎಂಬುದನ್ನು ಪಾಚಿಗೆರೆ ಹೇಳಲಾರದು. ಇಲ್ಲಿಯೂ ನೆಲದ ಕುಸಿತ ನೀರಿನ ಏರಿಕೆಯೊಡನೆ ಬೆರೆತೇ ಇದೆ.

ಇನ್ನು ಯೋಜನೆಯ ಮಾತು. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರಿಗೆ ಏರಿ ನಗರ ಮುಳುಗಿತು. ಆ ಪ್ರಳಯದ ಫಲವಾಗಿ ಹುಟ್ಟಿದ ಚಿಂತನೆಯೇ ಕಾಲಾನಂತರದಲ್ಲಿ ‘ಮೋಸೆ’ ಎಂಬ ತಡೆಬಾಗಿಲುಗಳ ಯೋಜನೆಯಾಯಿತು. ಲಗೂನಿನ ಮೂರು ಕಡಲಬಾಯಿಗಳಲ್ಲಿ 78 ಬಾಗಿಲುಗಳಿವೆ. ನಿಜವಾದ ಉಬ್ಬರದೆದುರು ಅವು ಮೊದಲು ಎದ್ದು ನಿಂತುದು 2020ರ ಅಕ್ಟೋಬರ್ 3ರಂದು. ಅದೇ ವರ್ಷ ಡಿಸೆಂಬರ್ 8ರಂದು, ಮುನ್ಸೂಚನೆ ಆಗ ನಿಗದಿಯಾಗಿದ್ದ 130 ಸೆಂಟಿಮೀಟರಿಗಿಂತ ಕಡಿಮೆಯಿದ್ದುದರಿಂದ ಬಾಗಿಲುಗಳನ್ನು ಎತ್ತಲಿಲ್ಲ. ನೀರು 138ಕ್ಕೆ ಏರಿತು. ಬಾಗಿಲು ಗಟ್ಟಿಯಾಗಿದ್ದರೆ ಸಾಲದು, ಅಳತೆ ಮತ್ತು ಮುನ್ಸೂಚನೆಗಳೂ ರಕ್ಷಣೆಯ ಅಂಗಗಳೆಂಬುದನ್ನು ಈ ಒಂದು ದಿನ ತೋರಿಸಿಕೊಟ್ಟಿತು.

ಯೋಜನೆಯಲ್ಲಿ ಬಾಗಿಲುಗಳನ್ನು ಎತ್ತಲು ಗೊತ್ತುಪಡಿಸಿದ ಮಟ್ಟ 110 ಸೆಂಟಿಮೀಟರು. ಈ ಅಂಕಿಯನ್ನೂ ಎಣಿಸುವುದು 1897ರ ಶೂನ್ಯರೇಖೆಯಿಂದಲೇ. ಆದರೆ ಇಂದಿನ ಸರಾಸರಿ ಮಟ್ಟ ಆ ರೇಖೆಗಿಂತ 30 ಸೆಂಟಿಮೀಟರಿಗೂ ಹೆಚ್ಚು ಮೇಲಿದೆ. ಎಂದರೆ ಅಂದು ನೀರು ಸರಾಸರಿಯಿಂದ 110 ಸೆಂಟಿಮೀಟರು ಏರಬೇಕಾಗಿದ್ದಲ್ಲಿ ಇಂದು 80 ಏರಿದರೆ ಸಾಕು. ಇನ್ನೂ 60 ಸೆಂಟಿಮೀಟರು ಸರಾಸರಿ ಹೆಚ್ಚಿದರೆ ಉಳಿಯುವ ಅಂತರ ಬರಿಯ 20. ಆಗ ಬಿರುಗಾಳಿಯಿಲ್ಲದ ಸಾಮಾನ್ಯ ಉಬ್ಬರವೇ ಅನೇಕ ದಿನಗಳಲ್ಲಿ ಬಾಗಿಲು ಮುಚ್ಚಿಸೀತು. 60 ಸೆಂಟಿಮೀಟರಿನ ಏರಿಕೆಯನ್ನು ತಾಳುವಂತೆ ಬಾಗಿಲುಗಳನ್ನು ರಚಿಸಿದ್ದಾರೆ, ನಿಜ. ಆದರೆ ಅಷ್ಟು ಬಾರಿ ಮುಚ್ಚಿದ ಲಗೂನಿನಲ್ಲಿ ನೀರಿನ ವಿನಿಮಯವೂ ಬಂದರಿನ ವ್ಯವಹಾರವೂ ಉಳಿದಾವೇ? ಬಾಗಿಲಿನ ಸಾಮರ್ಥ್ಯದ ಎಲ್ಲೆ ಒಂದು, ನಗರಜೀವನದ ಎಲ್ಲೆ ಇನ್ನೊಂದು. ಎರಡನೆಯದು ಮೊದಲೇ ಒದಗಿಬರುವ ಸಂಭವವಿದೆ. 2021ರ ಅಂತರಸರ್ಕಾರಿ ಹವಾಮಾನ ಸಮಿತಿಯ ವರದಿಯಂತೆ 2100ರ ವೇಳೆಗೆ ಜಗತ್ತಿನ ಸರಾಸರಿ ಕಡಲಮಟ್ಟ, ಹೊಗೆಯನ್ನು ಬಹುವಾಗಿ ತಗ್ಗಿಸಿದರೆ 28ರಿಂದ 55 ಸೆಂಟಿಮೀಟರು, ತಗ್ಗಿಸದೆ ಹೆಚ್ಚಿಸುತ್ತ ಹೋದರೆ 63ರಿಂದ 101 ಸೆಂಟಿಮೀಟರು ಏರಬಹುದು. ಇದು ಹತ್ತಿರದ ಪ್ರಶ್ನೆಯೇ ಎಂಬುದು ಇದರಿಂದ ಸ್ಪಷ್ಟ.

ಅಂಕಿಗಳ ಪೂರ್ವೋತ್ತರ ಕೇಳುತ್ತ ಕುಳಿತರೆ ನೀರು ಕಾಯುವುದೇ ಎಂಬ ಆಕ್ಷೇಪ ಬರಬಹುದು. ಕಾಯದು, ನಗರವು ಅಪೂರ್ಣ ಜ್ಞಾನದಿಂದಲೇ ಕಾರ್ಯಕ್ಕೆ ತೊಡಗಬೇಕು. ಆದುದರಿಂದಲೇ ಪ್ರತಿಯೊಂದು ಯೋಜನೆಯೂ ತನ್ನ ಶೂನ್ಯರೇಖೆ ಯಾವುದು, ನೆಲದ ಪಾಲು ಎಷ್ಟು, ಸರಾಸರಿ ಯಾವ ಮಟ್ಟಕ್ಕೆ ಬಂದಾಗ ಹಳೆಯ ನಿರ್ಧಾರವನ್ನು ಮರಳಿ ವಿಚಾರಿಸಬೇಕು ಎಂಬ ಮೂರನ್ನು ಮೊದಲ ಪುಟದಲ್ಲಿಯೇ ಬರೆದಿಡುವುದು ಅಗತ್ಯವೆಂದು ನಮ್ಮ ಮತ. ನೂರೈವತ್ತು ವರ್ಷಗಳ ಕಾಲ ತಾಳ್ಮೆಯಿಂದ ಅಳೆದಿಟ್ಟವರ ಶ್ರಮ ಸಾರ್ಥಕವಾಗುವುದು ಮುಂದಿನವರು ಆ ಅಂಕಿಯನ್ನು ಅದರ ಹುಟ್ಟಿನೊಡನೆ ಓದಿದಾಗ.